ಸದ್ದು ಸಾಯುವ ದಿಕ್ಕು

ರಾಯದುರ್ಗದ ಸ್ಟೇಷನ್

ನಾನು ವಿಲಾಯಿತಿಗೆ ಹೋಗಿ ಬಂದದ್ದು ನಿಜವೋ ಸುಳ್ಳೋ ಎಂದು ಮೊಳಕಾಲ್ಮೂರಿನಲ್ಲಿ ಈಗಲೂ ಅನುಮಾನಪಡುವವರಿದ್ದಾರೆ. ಲಂಡನ್ ಹೇಗಿದೆ ಎಂದು ಕೇಳುತ್ತಾರೆ. ರೈಲಿನ ಕಿಟಕಿಯಿಂದ ಅರ್ಧ ಗಂಟೆ ನೋಡಿದೆ, ಬರೀ ಹೊಗೆ ಇತ್ತು ಎಂದರೆ ಅವರಿಗೆ ಸಮಾಧಾನವಿಲ್ಲ. ದೊರೆಯ ಅರಮನೆ ನೋಡದವನು ಹೋಗಿಯೇ ಇಲ್ಲ ಎಂಬುದು ಅವರ ತೀರ್ಮಾನ. ನಾನು ನೋಡಿದ್ದು ಒಂದು ಮೀನುಗಾರರ ಊರು, ಅಲ್ಲಿಯ ಮಂಜು, ಒಂದು ಅಡುಗೆಮನೆ, ಮತ್ತು ನನ್ನದೇ ನಾಲಗೆಯ ಕೆಟ್ಟತನ. ಅಷ್ಟನ್ನೇ ಬರೆಯುತ್ತೇನೆ.

ಊರಿನಿಂದ ಎತ್ತಿನ ಗಾಡಿಯಲ್ಲಿ ರಾಯದುರ್ಗದ ಸ್ಟೇಷನ್ನಿಗೆ ಬಂದಾಗ ನಮ್ಮ ಜೊತೆ ಆಳೆತ್ತರದ ಒಂದು ತೇಗದ ಚೌಕಟ್ಟು ಇತ್ತು. ಅದಕ್ಕೆ ಎರಡು ಕರಿ ಕಂಬಳಿ ಸುತ್ತಿದ್ದೆವು. ನಮ್ಮ ಎಂದರೆ ನಾನು ಮತ್ತು ಬುಡೇನ್ ಸಾಬ್ರು. ಸಾಬ್ರು ಚಳ್ಳಕೆರೆಯ ಶೇಂಗಾ ಎಣ್ಣೆ ಗಿರಣಿಗಳ ಇಂಜಿನ್ ರಿಪೇರಿ ಮಾಡುವವರು, ನನಗಿಂತ ಹತ್ತು ವರ್ಷ ದೊಡ್ಡವರು. ಪ್ಲಾಟ್‌ಫಾರಂನಲ್ಲಿದ್ದವರೆಲ್ಲ ನಮ್ಮ ಸುತ್ತ ನೆರೆದರು.

“ಏನ್ರಿ ಇದು, ಮಂಚನಾ?” ಎಂದರು ಒಬ್ಬರು.

“ಹೂಂ, ಮಂಚ. ನಮ್ಮ ತಿಪ್ಪೇಸ್ವಾಮಿಗೆ ಬ್ಯಾರೇ ಮಂಚದ ಮ್ಯಾಗೆ ನಿದ್ದಿ ಬರಲ್ಲ,” ಎಂದರು ಸಾಬ್ರು.

ಗುಂತಕಲ್ಲಿನಲ್ಲಿ ಅದು ಸಾಬ್ರ ತಂಗಿಯ ಮನೆಯ ಬಾಗಿಲಾಯಿತು. ಬೊಂಬಾಯಿಯ ಹಡಗುಕಟ್ಟೆಯಲ್ಲಿ ದೊಡ್ಡ ಕನ್ನಡಿಯ ಕಟ್ಟಾಯಿತು. ನಿಜ ಹೇಳಿ ಎಂದು ನಾನು ಬೇಡಿಕೊಂಡೆ. “ನಿಜ ಹೇಳಿದ್ರೆ ಯಾರು ನಂಬ್ತಾರಲೇ?” ಎಂದರು. ಆ ಮಾತೂ ಸರಿಯೇ.

ನಿಜ ಇದು. ವೈರ್‌ಲೆಸ್ ಸದ್ದು ಯಾವ ದಿಕ್ಕಿನಿಂದ ಬರುತ್ತಿದೆ ಎಂದು ಆ ಚೌಕಟ್ಟು ಹೇಳುತ್ತದೆ. ಅದರ ಮೇಲೆ ಹನ್ನೆರಡು ಸುತ್ತು ತಾಮ್ರದ ತಂತಿ. ಕೆಳಗೆ ಸಾಬ್ರು ಮಾಡಿದ ಹಿತ್ತಾಳೆಯ ತಿರುಗಣಿ, ತಿರುಗಣಿಯ ಸುತ್ತ ಮುನ್ನೂರ ಅರವತ್ತು ಗೀಟು ಕೊರೆದ ಹಿತ್ತಾಳೆಯ ತಟ್ಟೆ. ತಂತಿಯ ತುದಿಗಳನ್ನು ರಿಸೀವರಿಗೆ ಕೊಟ್ಟು, ಹೆಡ್‌ಫೋನು ಹಾಕಿಕೊಂಡು ಚೌಕಟ್ಟನ್ನು ಮೆಲ್ಲಗೆ ತಿರುಗಿಸಿದರೆ ದೂರದಲ್ಲಿ ಕಿಡಿ ಹಾರಿಸಿ ವೈರ್‌ಲೆಸ್ ಕಳಿಸುವ ಕಿಡಿಯಂತ್ರದ ಸದ್ದು ಏರುತ್ತದೆ, ಇಳಿಯುತ್ತದೆ, ಒಂದು ಕಡೆ ಪೂರಾ ಸತ್ತುಹೋಗುತ್ತದೆ. ಹೊಸಬರು ಜೋರು ಸದ್ದನ್ನು ಹುಡುಕುತ್ತಾರೆ. ಜೋರು ಸದ್ದು ಬಹಳ ಅಗಲ, ಇಪ್ಪತ್ತು ಗೀಟು ಅತ್ತಿತ್ತ ಆದರೂ ಗೊತ್ತಾಗುವುದಿಲ್ಲ. ಸದ್ದು ಸಾಯುವ ಜಾಗ ಮಾತ್ರ ಒಂದೆರಡು ಗೀಟಿನಷ್ಟು. ಆಗ ಚೌಕಟ್ಟು ಯಾವ ಕಡೆಗೆ ಮುಖ ಮಾಡಿದೆಯೋ ಆ ಗೆರೆಯ ಮೇಲೆ ಕಳಿಸುವವನು ಇರುತ್ತಾನೆ.

ಮೂಲ ಉಪಾಯ ನನ್ನದಲ್ಲ. ನಾನು ಮಗ್ಗದ ಗುಣಿಗೆ ಇಳಿಯಲೊಲ್ಲೆ ಎಂದು ತಂತಿ ಆಫೀಸು ಸೇರಿದ ನೇಕಾರರ ಮಗ. ದೊಡ್ಡ ಯುದ್ಧದಲ್ಲಿ ಬಸ್ರಾಕ್ಕೆ ಹೋದಾಗ ಅಲ್ಲಿ ಸೈನ್ಯದವರ ಚೌಕಟ್ಟುಗಳನ್ನು ನೋಡಿದೆ. ಬಿಸಿಲಿಗೆ ತಂತಿಯ ಹೊದಿಕೆ ಬಿರಿದು ಸುತ್ತಿಗೆ ಸುತ್ತು ತಾಗುತ್ತಿತ್ತು, ದಿಕ್ಕು ತಪ್ಪುತ್ತಿತ್ತು. ನಾನು ಸೇರಿಸಿದ್ದು ಎರಡೇ: ತಂತಿಗೆ ಮೊಳಕಾಲ್ಮೂರಿನ ರೇಷ್ಮೆಯ ಹೊದಿಕೆ, ಮತ್ತು ಸುತ್ತು ಸುತ್ತಿನ ನಡುವೆ ಮಗ್ಗದ ಹಣಿಗೆಯ ಹಲ್ಲಿನಷ್ಟೇ ಸಮ ಅಂತರ. ಎರಡೇ ಆದರೂ ಅಂಥದ್ದು ಬೇರೆಲ್ಲೂ ಇರಲಿಲ್ಲ ಎಂದು ಎದೆ ತಟ್ಟಿ ಹೇಳಬಲ್ಲೆ.

ರೇಷ್ಮೆ ಸುತ್ತಿದವಳು ನಮ್ಮವ್ವ. ರಾಟೆಯ ಮೇಲೆ ತಂತಿ ಹೂಡಿ, ಎಳೆ ಪಕ್ಕ ಎಳೆ ಕೂರಿಸಿ ಸುತ್ತಿದಳು. ಆಮೇಲೆ ಯಾರನ್ನೂ ಕೇಳದೆ ಒಲೆಯ ಮೇಲೆ ಗಂಜಿ ಇಟ್ಟಳು.

“ಗಂಜಿ ಯಾಕವ್ವಾ? ಇದೇನು ಸೀರೇನಾ?”

“ಒರೇ ನಾಯನಾ, ನೂಲು ಅಂದ್ಮ್ಯಾಲೆ ನೂಲೇ. ಗಂಜಿ ಕುಡೀಲಿಲ್ಲ ಅಂದ್ರೆ ಎಳೆ ಎದ್ದು ನಿಲ್ತೈತೆ.”

ನಮ್ಮ ಮನೆಯಲ್ಲಿ ಗಂಜಿ ಕಾಣದ ನೂಲು ಮಗ್ಗಕ್ಕೆ ಏರಿದ್ದೇ ಇಲ್ಲ. ಒಣಗಿದ ಮೇಲೆ ತಂತಿ ನೆಟ್ಟಗೆ, ನುಣ್ಣಗೆ ನಿಂತದ್ದನ್ನು ನೋಡಿ ನಾನೇ ಅವ್ವನನ್ನು ಹೊಗಳಿದೆ.

ಪರೀಕ್ಷೆ ಮಾಡಿದ್ದು ಕುದಾಪುರದ ಹುಲ್ಲುಗಾವಲಿನಲ್ಲಿ. ಸಾಬ್ರು ಹಳೇ ಇಂಜಿನ್ನಿನ ಮ್ಯಾಗ್ನೆಟೊದಿಂದ ಒಂದು ಕಿಡಿಯಂತ್ರ ಕಟ್ಟಿ, ಅದನ್ನು ಗಾಡಿಯಲ್ಲಿಟ್ಟುಕೊಂಡು ಎಲ್ಲಾದರೂ ಅಡಗುವುದು, ನಾನು ಹುಡುಕುವುದು. ಮೊದಲ ದಿನ ಸದ್ದು ಸತ್ತ ಗೆರೆ ಹಿಡಿದು ಎರಡು ಮೈಲಿ ನಡೆದೆ. ಎರಡು ಜಿಂಕೆ ಸಿಕ್ಕವು, ಸಾಬ್ರು ಸಿಗಲಿಲ್ಲ. ಗೆರೆಗೆ ಎರಡು ತುದಿ ಇರುತ್ತವೆ, ನಾನು ಉಲ್ಟಾ ತುದಿಗೆ ಹೊರಟಿದ್ದೆ. ಮಧ್ಯಾಹ್ನ ಇಳಿದ ಮೇಲೆ ಅವರೇ ನನ್ನನ್ನು ಹುಡುಕಿಕೊಂಡು ಬಂದರು. “ನಿನ್ನ ಯಂತ್ರಕ್ಕೆ ದಾರಿ ಗೊತ್ತೈತೆ, ಮುಂದೆ ಯಾವ್ದು ಹಿಂದೆ ಯಾವ್ದು ಗೊತ್ತಿಲ್ಲ. ಥೇಟ್ ನಿನ್ನಂಗೇ ಐತೆ,” ಎಂದು ಬೈದರು. ಸಮುದ್ರದ ದಂಡೆಯಲ್ಲಿ ಆ ತೊಂದರೆ ಇಲ್ಲ, ಏಕೆಂದರೆ ದೋಣಿ ಹೊಲದಲ್ಲಿ ಇರುವುದಿಲ್ಲ.

ದೋಣಿಯ ಮಾತು ಎತ್ತಿದವನು ಟಾಮ್ ಹಾಬ್. ಬಸ್ರಾದಲ್ಲಿ ನನ್ನ ಜೊತೆ ಒಂದೇ ಡೇರೆಯಲ್ಲಿ ಹೆಡ್‌ಫೋನು ಹಾಕಿಕೊಂಡು ಕೂತವನು, ಈಗ ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ ಮೀನಿನ ದೋಣಿ ನಡೆಸುತ್ತಿದ್ದ. ಅವರ ಬಂದರಿನ ಬಾಯಿಯ ಉತ್ತರಕ್ಕೆ ಬಂಡೆಗಳ ಸಾಲು. ಹಿಂದಿನ ಚಳಿಗಾಲ ಮಂಜಿನಲ್ಲಿ ಒಂದು ದೋಣಿ ಆ ಬಂಡೆಗೆ ಬಡಿದು ಒಡೆದಿತ್ತು. ಅದರಲ್ಲಿ ಟಾಮನ ಭಾವ, ಅಂದರೆ ಅವನ ಅಕ್ಕನ ಗಂಡನೂ ಇದ್ದ. “ನಿನ್ನ ಚೌಕಟ್ಟು ಹೊತ್ತುಕೊಂಡು ಬಾ. ಇಲ್ಲಿಯ ದೋಣಿ ಮಾಲೀಕರು ನೋಡಲು ಒಪ್ಪಿದ್ದಾರೆ. ಸರಿ ಹೋದರೆ ದಡದಲ್ಲಿ ಶಾಶ್ವತವಾಗಿ ನಿಲ್ಲಿಸುತ್ತಾರೆ, ಇಲ್ಲದಿದ್ದರೆ ಮತ್ತೆ ಗಂಟೆ ಬಾರಿಸಿಕೊಂಡೇ ಇರುತ್ತಾರೆ,” ಎಂದು ಬರೆದಿದ್ದ. ನಾನು ಕಾಗದವನ್ನು ಎರಡನೇ ಸಲ ಓದಲಿಲ್ಲ, ಹೊರಟೇಬಿಟ್ಟೆ.

ಕೆಂಪು ಸಮುದ್ರ

ಹಡಗಿನಲ್ಲಿ ಮೊದಲ ಐದು ದಿನ ನಾನು ಮಲಗಿದ್ದೆ, ಸಾಬ್ರು ಓಡಾಡುತ್ತಿದ್ದರು. ಬಸ್ರಾಕ್ಕೆ ಹೋಗಿ ಬಂದವನು ನಾನು, ಸಮುದ್ರವೆಂದರೇನು ಎಂದು ರೈಲಿನುದ್ದಕ್ಕೂ ಅವರಿಗೆ ಪಾಠ ಹೇಳಿದವನೂ ನಾನು. ಚಳ್ಳಕೆರೆಯ ಕೆರೆಗಿಂತ ದೊಡ್ಡ ನೀರು ನೋಡದ ಆ ಮನುಷ್ಯ ಬೆಳಿಗ್ಗೆ ಎದ್ದು ಇಂಜಿನ್ ರೂಮಿಗೆ ಹೋಗಿ, ಅಲ್ಲಿಯವರ ಜೊತೆ ಎಣ್ಣೆ ಕೈಯಲ್ಲೇ ಚಹಾ ಕುಡಿದು ಬಂದು, ನನ್ನ ತಲೆದಿಂಬಿನ ಹತ್ತಿರ ನಿಂಬೆಹಣ್ಣು ಇಟ್ಟು ಹೋಗುತ್ತಿದ್ದರು.

ಅವರಿಗಿದ್ದ ಚಿಂತೆ ಒಂದೇ. ಹುಟ್ಟಿದಾಗಿನಿಂದ ಪಡುವಲಕ್ಕೆ ತಿರುಗಿ ನಮಾಜ್ ಮಾಡಿದವರು. ಏಡನ್ ದಾಟಿ ಹಡಗು ಉತ್ತರಕ್ಕೆ ತಿರುಗಿದ ಮೇಲೆ ಮಕ್ಕಾ ಮೊದಲು ಹಡಗಿನ ಮೂತಿಯ ಕಡೆಗಿತ್ತು, ಆಮೇಲೆ ಬಲಕ್ಕೆ ಬಂತು, ಮತ್ತೂ ಎರಡು ದಿನಕ್ಕೆ ಬೆನ್ನ ಹಿಂದಾಯಿತು.

“ದಿನಾ ದಿನಾ ಸರೀತೈತಲ್ಲೋ! ನಾನು ಯಾವ ಕಡೆ ತಿರುಗ್ಲಿ?”

ಹಡಗಿನ ಎರಡನೇ ಅಧಿಕಾರಿ ಒಳ್ಳೆಯ ಮನುಷ್ಯ. ದಿನವೂ ಮಧ್ಯಾಹ್ನ ನಕ್ಷೆ ಹರವಿ, ನಾವಿರುವ ಜಾಗದಿಂದ ಮಕ್ಕಾಕ್ಕೆ ಒಂದು ಗೆರೆ ಎಳೆದು ತೋರಿಸುತ್ತಿದ್ದ. ಮೂರು ದಿನದ ಮೂರು ಗೆರೆಗಳು ಒಂದೇ ಚುಕ್ಕೆಯಲ್ಲಿ ಕೂಡಿದ್ದನ್ನು ನೋಡಿ ಸಾಬ್ರು ಆ ಚುಕ್ಕೆಯ ಮೇಲೆ ಬೆರಳಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

“ಅಂದ್ರೆ ಚೌಕಟ್ಟು ಎರಡು ಕಡೆ ಇಟ್ರೆ, ಎರಡು ಗೆರೆ ಕೂಡಿದ ಜಾಗ್ದಾಗೆ ದೋಣಿ ಇರ್ತೈತೆ. ಒಂದೇ ಆದ್ರೆ ಬರೀ ದಿಕ್ಕು. ಹೌದಾ?”

ಇದನ್ನು ಬಸ್ರಾದಲ್ಲಿ ನಾನು ಕಲಿಯಲು ಒಂದು ತಿಂಗಳು ಹಿಡಿದಿತ್ತು. ಅದನ್ನು ಅವರಿಗೆ ಹೇಳಲಿಲ್ಲ. ಬದಲಿಗೆ ಒಂದರಿಂದ ಸೊನ್ನೆಯವರೆಗಿನ ಅಂಕಿಗಳನ್ನು ವೈರ್‌ಲೆಸ್ ಕೀಲಿಯಲ್ಲಿ ಬಡಿಯುವುದನ್ನು ಕಲಿಸಿದೆ. ಅಕ್ಷರ ಬೇಡ, ಅಂಕಿ ಸಾಕು ಎಂದರು. ಸಾವಕಾಶ ಬಡಿಯುತ್ತಿದ್ದರು, ಸುತ್ತಿಗೆಯಲ್ಲಿ ಮೊಳೆ ಹೊಡೆದ ಹಾಗೆ ಒಂದೊಂದನ್ನೂ ಊರಿ.

ಟಾಮನ ಅಕ್ಕನ ಮನೆ

ಟಾಮನ ಅಕ್ಕ ಮಾರ್ಥಾಳ ಮನೆಯಲ್ಲಿ ಇಳಿದೆವು. ಆ ಊರಿನ ಮನೆಗಳೆಲ್ಲ ಸಮುದ್ರಕ್ಕೆ ಬೆನ್ನು ಮಾಡಿ ನಿಂತಿವೆ. ಬೆಳಿಗ್ಗೆಯಾದರೆ ಹೆಂಗಸರು ಹೊಸಿಲ ಮೇಲೆ ಕೂತು ಬಲೆ ಹೆಣೆಯುತ್ತಾರೆ, ನಮ್ಮಲ್ಲಿ ಹೆಂಗಸರು ಹೊಸಿಲ ಮೇಲೆ ಕೂತು ಲಾಳಿಗೆ ನೂಲು ಸುತ್ತುವ ಹಾಗೆಯೇ. ಕೈ ಒಂದು ಕಡೆ, ಬಾಯಿ ಒಂದು ಕಡೆ. ಎಳೆಯ ಬಿಗಿ ಮಾತ್ರ ಒಂದೇ ಸಮ. ಅದನ್ನು ನೋಡಿ ನನಗೆ ಅರ್ಧ ಧೈರ್ಯ ಬಂತು.

ಅಲ್ಲಿಯವರು ಯಾರನ್ನೂ ಏನನ್ನೂ ಕೇಳುವುದಿಲ್ಲ. ನಮ್ಮೂರಲ್ಲಿ ಹೊಸಬ ಬಂದರೆ ಐದು ನಿಮಿಷದಲ್ಲಿ ಅವನ ಜಾತಿ, ಸಂಬಳ, ಮಕ್ಕಳ ಲೆಕ್ಕ ತೆಗೆದಿರುತ್ತಾರೆ. ಇಲ್ಲಿ ಕಂಬಳಿ ಸುತ್ತಿದ ಚೌಕಟ್ಟನ್ನು ಇಬ್ಬರು ಪೇಟದವರು ಹೊತ್ತು ಬೀದಿಯಲ್ಲಿ ನಡೆದರೂ ಒಬ್ಬರೂ ಬಾಯಿ ಬಿಡಲಿಲ್ಲ. “ಇವತ್ತು ಗಾಳಿ ಜೋರು,” ಎಂದು ಹೇಳಿ ಮುಂದೆ ಹೋದರು. ಸಾಬ್ರಿಗೆ ಇದು ಅವಮಾನವಾಯಿತು, ಏಕೆಂದರೆ ಹೊಸ ಸುಳ್ಳೊಂದನ್ನು ಸಿದ್ಧ ಮಾಡಿಕೊಂಡಿದ್ದರು.

ಮಾರ್ಥಾಳಿಗೆ ಕನ್ನಡ ಬಾರದು, ಸಾಬ್ರಿಗೆ ಇಂಗ್ಲಿಷ್ ಬಾರದು. ಇಬ್ಬರೂ ದಿನವಿಡೀ ಮಾತಾಡಿಕೊಂಡಿದ್ದರು. ಅವಳು ಒಲೆಯ ಬಾಗಿಲ ಕೀಲು ತೋರಿಸಿದಳು, ಇವರು ಅದನ್ನು ಬಿಚ್ಚಿ ತೀಡಿ ಕೂರಿಸಿದರು. ಅವಳು ಗೋಡೆಯ ಮೇಲಿದ್ದ ಗಂಡನ ಪಟ ತೋರಿಸಿದಾಗ ಇವರು ಎದೆಯ ಮೇಲೆ ಕೈ ಇಟ್ಟು ತಲೆ ಬಾಗಿಸಿದರು. ನಾನು ಕಲಿತ ಇಂಗ್ಲಿಷಿನಲ್ಲಿ ಅವಳಿಗೆ ಸಂತಾಪ ಹೇಳಿದೆ, ಅವಳು “ಥ್ಯಾಂಕ್ ಯೂ” ಎಂದು ಚಹಾ ತರಲು ಎದ್ದು ಹೋದಳು.

ಗುರುವಾರ, ಶುಕ್ರವಾರ

ಬಂದರಿನ ಗುಡ್ಡದ ಮೇಲೆ ಮರದ ಒಂದು ಗುಡಿಸಲಿತ್ತು. ಅದರಲ್ಲಿ ಚೌಕಟ್ಟು ನಿಲ್ಲಿಸಿದೆವು. ಪಕ್ಕದಲ್ಲೇ ಟಾಮನ ರಿಸೀವರು, ಕಳಿಸುವ ಕೀಲಿ. ಏರ್ಪಾಟು ಸುಲಭ: ಟಾಮ್ ದೋಣಿಯಲ್ಲಿ ಕಣ್ಣಿಗೆ ಕಾಣದಷ್ಟು ದೂರ ಹೋಗಿ ಕಿಡಿಯಂತ್ರದಿಂದ ಒಂದು ಉದ್ದ ಸದ್ದು ಕಳಿಸಬೇಕು. ಸದ್ದು ನಿಲ್ಲುವುದರೊಳಗೆ ನಾವು ಚೌಕಟ್ಟು ತಿರುಗಿಸಿ, ಸದ್ದು ಸತ್ತ ಗೀಟಿನ ಅಂಕಿಯನ್ನು ಅವನಿಗೆ ಬಡಿದು ಹೇಳಬೇಕು. ಬಡಗಲಿಗೆ ಸೊನ್ನೆ, ಮೂಡಲಕ್ಕೆ ತೊಂಬತ್ತು ಎಂಬ ಲೆಕ್ಕದಲ್ಲಿ ನಮ್ಮಿಂದ ಅವನು ಯಾವ ದಿಕ್ಕಿಗಿದ್ದಾನೆ ಎಂಬುದೇ ಆ ಅಂಕಿ, ಅದರ ಉಲ್ಟಾ ದಿಕ್ಕಿಗೆ ಬಂದರೆ ಬಂದರು ಸಿಗುತ್ತದೆ. ಮತ್ತೆ ಕೇಳಬೇಕಾದರೆ ಮತ್ತೊಂದು ಉದ್ದ ಸದ್ದು.

ಗುರುವಾರ ಬಿಸಿಲಿತ್ತು. ಐದು ಸಲ ಕೇಳಿದ, ಐದು ಸಲವೂ ಹೇಳಿದೆ. ಟಾಮ್ ತನ್ನ ನಕ್ಷೆಯೊಂದಿಗೆ ದಡಕ್ಕೆ ಬಂದಾಗ ಐದರಲ್ಲಿ ಐದೂ ಕೂತಿದ್ದವು. ಮೂವರು ದೋಣಿ ಮಾಲೀಕರು ಪೈಪು ಬಾಯಿಂದ ತೆಗೆದರು. ಅಲ್ಲಿ ಅದು ದೊಡ್ಡ ಹೊಗಳಿಕೆಯಂತೆ. ನಾನು ಸಂಜೆ ಬೀದಿಯಲ್ಲಿ ಎದೆ ಮುಂದೆ ಮಾಡಿಕೊಂಡು ಅಡ್ಡಾಡಿದೆ, ಯಾರಾದರೂ ಕೇಳಲಿ ಎಂದು. ಎಲ್ಲರೂ ಗಾಳಿಯ ಸಂಗತಿ ಹೇಳಿದರು.

ಶುಕ್ರವಾರ ತುಂತುರು ಹಿಡಿಯಿತು. ಮಳೆಯೂ ಅಲ್ಲ, ಮಂಜೂ ಅಲ್ಲ, ಗಾಳಿಯೇ ಒದ್ದೆ. ಟಾಮನ ಸದ್ದು ಬಂತು. ಚೌಕಟ್ಟು ತಿರುಗಿಸಿದೆ. ಸದ್ದು ಇಳಿಯಿತು, ಸಾಯಲಿಲ್ಲ. ಇನ್ನೂ ತಿರುಗಿಸಿದೆ, ಹಾಗೇ ಗುಂಯ್ ಎನ್ನುತ್ತಲೇ ಇತ್ತು. ಮೂವತ್ತು ಗೀಟಿನಷ್ಟು ಅಗಲಕ್ಕೆ ಒಂದೇ ಸಮ. ಮಾಲೀಕರು ಹಿಂದೆ ನಿಂತಿದ್ದರು. ಏನಾದರೂ ಹೇಳಲೇಬೇಕೆಂದು ಒಂದು ಅಂಕಿ ಬಡಿದೆ. ಆ ಅಂಕಿ ನಂಬಿ ಬಂದಿದ್ದರೆ ಟಾಮ್ ನೆಟ್ಟಗೆ ಬಂಡೆಗೆ ಬರುತ್ತಿದ್ದ. ಮಾಲೀಕರಲ್ಲಿ ಹಿರಿಯವನು ಟೊಪ್ಪಿ ಎತ್ತಿ, “ಸೋಮವಾರ ಇನ್ನೊಂದು ಸಲ ನೋಡೋಣ. ಅದೇ ಕೊನೆ,” ಎಂದು ಹೇಳಿ ಹೊರಟ.

ಆಗ ನಾನು ಆಡಿದ ಮಾತನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಸಾಬ್ರು ತಿರುಗಣಿಯನ್ನು ಒರೆಸುತ್ತಿದ್ದರು.

“ಬಿಡ್ರಿ, ಒರಸಬ್ಯಾಡ್ರಿ! ನಿಮ್ಮ ಹಿತ್ತಾಳೆ ಕಿಲುಬು ಹಿಡದೈತೆ. ಅದಕ್ಕೇ ಹಿಂಗಾಗಿದ್ದು. ಗಿರಣಿ ರಿಪೇರಿ ಮಾಡೋರನ್ನ ಇಂಥಾ ಕೆಲಸಕ್ಕೆ ಕರ್ಕೊಂಡು ಬಂದಿದ್ದೇ ನನ್ನ ತಪ್ಪು.”

ಬಾಗಿಲಲ್ಲಿ ಮಾರ್ಥಾ ನಿಂತಿದ್ದಳು. ಕನ್ನಡ ಬಾರದಿದ್ದರೂ ಅವಳಿಗೆ ಪೂರಾ ಅರ್ಥವಾಯಿತು. ಸಾಬ್ರು ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಎದ್ದರು. ಶನಿವಾರ ಪೂರ್ತಿ ತಿರುಗಣಿಯನ್ನು ಬಿಚ್ಚಿ, ಸಣ್ಣ ಮರಳಿನಲ್ಲಿ ಉಜ್ಜಿ, ಹೊಳೆಯುವಂತೆ ಮಾಡಿ ಕೂರಿಸಿದರು. ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಚೌಕಟ್ಟು ಮಾತ್ರ ಮೊದಲಿನಂತೆಯೇ ಗುಂಯ್ ಎನ್ನುತ್ತಿತ್ತು.

ಭಾನುವಾರ, ಪರದೆ ಎಳೆದ ಅಡುಗೆಮನೆ

ಆ ದೇಶದ ಗಂಡಸರು ಭಾನುವಾರ ಚರ್ಚಿಗೆ ಹೋಗುವಾಗ ಕುತ್ತಿಗೆಗೆ ಹಲಗೆಯಂಥ ಒಂದು ಬಿಳಿ ಕಾಲರು ಹಾಕುತ್ತಾರೆ. ಶನಿವಾರ ಮಾರ್ಥಾ ತಮ್ಮನ ಕಾಲರಿಗೆ ಗಂಜಿ ಹಾಕಿ, ಇಸ್ತ್ರಿ ಮಾಡಿ, ಕಿಟಕಿಯ ಹತ್ತಿರ ತೂಗುಹಾಕಿದ್ದಳು. ಭಾನುವಾರ ಬೆಳಿಗ್ಗೆ ಟಾಮ್ ಅದನ್ನು ಎತ್ತಿಕೊಂಡರೆ ಎರಡು ಬದಿಯೂ ಜೋತುಬಿದ್ದವು. ನಾಯಿಯ ಕಿವಿ ಇದ್ದ ಹಾಗಿದೆ ಎಂದು ಅವನು ಗೊಣಗಿದ.

“ನಾನೇನು ಮಾಡಲಿ? ಗಂಜಿ ಮಂಜನ್ನು ಕುಡಿಯುತ್ತದೆ. ಕಿಟಕಿ ತೆಗೆದವನು ನೀನು,” ಎಂದಳು ಅವಳು.

ನನ್ನ ಕೈಯಲ್ಲಿದ್ದ ಚಹಾ ಚೆಲ್ಲಿತು. ಎದ್ದು ಗುಡ್ಡದ ಮೇಲಕ್ಕೆ ಓಡಿದೆ. ಚೌಕಟ್ಟಿನ ತಂತಿಯನ್ನು ಎರಡು ಬೆರಳಲ್ಲಿ ಹಿಡಿದೆ. ಮೊಳಕಾಲ್ಮೂರಿನಲ್ಲಿ ನೆಟ್ಟಗೆ ನಿಂತಿದ್ದ ರೇಷ್ಮೆ ಇಲ್ಲಿ ಅಂಟಂಟಾಗಿತ್ತು. ಗಂಜಿ ನೀರು ಕುಡಿದು ಉಬ್ಬಿ, ಸುತ್ತಿನಿಂದ ಸುತ್ತಿಗೆ, ತಂತಿಯಿಂದ ಮರಕ್ಕೆ ಸೋರುವ ದಾರಿ ಮಾಡಿಕೊಟ್ಟಿತ್ತು. ವರ್ಷಕ್ಕೆ ನಾಲ್ಕು ಮಳೆ ಬಿದ್ದರೆ ಹೆಚ್ಚು ಎನ್ನುವ ನಮ್ಮ ಸೀಮೆಯಲ್ಲಿ ಇದು ಯಾರ ತಲೆಗೆ ಹೊಳೆಯಬೇಕು? ಹಿತ್ತಾಳೆಯ ತಪ್ಪು ಏನೂ ಇರಲಿಲ್ಲ.

ವಾಪಸು ಬಂದು, “ಕಾರಣ ಸಿಕ್ತು, ಗಂಜಿ,” ಎಂದೆ. ಸಾಬ್ರು ನನ್ನ ಮುಖ ನೋಡಿ “ಹೂಂ” ಎಂದರು. ಮುಂದಿನ ಮಾತನ್ನು ನಾನು ಹೇಳಬೇಕಿತ್ತು. ಕೆಲಸ ಬಹಳ ಇದೆಯಲ್ಲ ಎಂದು ನನಗೆ ನಾನೇ ನೆಪ ಹೇಳಿಕೊಂಡೆ.

ತಂತಿ ಬಿಚ್ಚಬೇಕು, ಬಿಸಿನೀರಲ್ಲಿ ಗಂಜಿ ಬಿಡಿಸಬೇಕು, ಒಣಗಿಸಬೇಕು, ಮೇಣ ಹಚ್ಚಬೇಕು, ಮತ್ತೆ ಸುತ್ತಬೇಕು. ಎಲ್ಲವೂ ಸಂಜೆಯೊಳಗೆ. ಆದರೆ ಆ ಮನೆಯಲ್ಲಿ ಭಾನುವಾರ ಸೂಜಿಗೆ ದಾರ ಪೋಣಿಸುವುದೂ ಪಾಪ. ಬಲೆಗಳೆಲ್ಲ ಮಡಿಚಿಟ್ಟಿರುತ್ತವೆ, ಬೀದಿಯಲ್ಲಿ ಒಬ್ಬರೂ ಕೆಲಸ ಮುಟ್ಟುವುದಿಲ್ಲ. ಮಾರ್ಥಾ ಕೈ ಕಟ್ಟಿಕೊಂಡು ಒಲೆಯ ಮುಂದೆ ನಿಂತಳು. ಗೋಡೆಯ ಮೇಲಿನ ಪಟದ ಕಡೆ ಒಮ್ಮೆ ನೋಡಿದಳು. ಆಮೇಲೆ ಹೋಗಿ ಅಡುಗೆಮನೆಯ ಎರಡು ಕಿಟಕಿಗಳಿಗೂ ಪರದೆ ಎಳೆದಳು.

“ದೋಣಿ ದಡಕ್ಕೆ ತರುವ ಕೆಲಸಕ್ಕೆ ಭಾನುವಾರವಿಲ್ಲ. ಆದರೂ ಪಕ್ಕದ ಮನೆಯವಳಿಗೆ ಕಾಣುವುದು ಬೇಡ,” ಎಂದಳು.

ಬಟ್ಟೆ ಒಗೆಯುವ ತೊಟ್ಟಿಯಲ್ಲಿ ತಂತಿಯನ್ನು ತೊಳೆದೆವು. ಬೆಂಕಿ ಇಳಿಸಿದ ಒಲೆಯೊಳಗೆ ರೊಟ್ಟಿಯ ಹಾಗೆ ಇಟ್ಟು ಒಣಗಿಸಿದೆವು. ಟಾಮ್ ಹಾಯಿ ಹೊಲಿಯುವ ದಾರಕ್ಕೆ ಹಚ್ಚುವ ಜೇನುಮೇಣ ತಂದ. ಸುತ್ತುವುದಕ್ಕೆ ಮಗ್ಗ ಬಿಟ್ಟು ಓಡಿದ ನಾನೇ ಕೂತೆ. ಬಲೆ ಹೆಣೆಯುವ ಮಾರ್ಥಾಳ ಕೈ ತಂತಿಯ ಬಿಗಿ ಹಿಡಿಯಿತು. ಹೇಗೆ ಹಿಡಿಯಬೇಕೆಂದು ನಾನು ಒಂದು ಮಾತೂ ಹೇಳಬೇಕಾಗಲಿಲ್ಲ. ಸಾಬ್ರು ಅಂತರ ಅಳೆಯುತ್ತಾ “ಏಕ್... ದೋ... ತೀನ್...” ಎಂದು ಎಣಿಸಿದರು. ಬಾರಾ ಎಂದ ಮೇಲೆ ಎದ್ದು ಕೈ ತೊಳೆದುಕೊಂಡರು. ಬೆಳಗಿನ “ಹೂಂ” ಬಿಟ್ಟರೆ ಇಡೀ ದಿನದಲ್ಲಿ ನನ್ನೆದುರು ಅವರು ಆಡಿದ ಮಾತು ಆ ಹನ್ನೆರಡು ಅಂಕಿಗಳೇ.

ಸೋಮವಾರ, ಟಾಮನ ದೋಣಿ

ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದರೆ ಬೀದಿಯೇ ಇರಲಿಲ್ಲ. ನಿಜವಾದ ಮಂಜು. ಗುಡಿಸಲಿನಲ್ಲಿ ಹೆಡ್‌ಫೋನು ಹಾಕಿ, ಬಂದರಿನಲ್ಲೇ ನಿಂತಿದ್ದ ಟಾಮನ ದೋಣಿಯಿಂದ ಒಂದು ಸದ್ದು ತರಿಸಿ ಚೌಕಟ್ಟು ತಿರುಗಿಸಿದೆ. ಸದ್ದು ಕತ್ತರಿಸಿದಂತೆ ಸತ್ತಿತು. ನಾನು ನಕ್ಕುಬಿಟ್ಟೆ. ನನ್ನ ಬುದ್ಧಿಯ ಬಗ್ಗೆ ಇದ್ದ ಅಭಿಮಾನವೆಲ್ಲ ಒಂದೇ ಕ್ಷಣದಲ್ಲಿ ವಾಪಸು ಬಂತು.

ಮಾಲೀಕರು ಬಂದರು. ಟಾಮ್ ಬಂದು ನನ್ನ ಹೆಗಲ ಮೇಲೆ ಕೈ ಹಾಕಿದ. “ಮಾಡಿದವನ ಕೈಯಲ್ಲಿ ಯಂತ್ರ ನಡೆದರೆ ದೊಡ್ಡ ಮಾತಲ್ಲ. ನೀನು ಊರಿಗೆ ಹೋದ ಮೇಲೆ ಇಲ್ಲಿ ಬೇರೆ ಯಾರೋ ಇರುತ್ತಾರೆ. ಆದ್ದರಿಂದ ಇವತ್ತು ಅವನು ಚೌಕಟ್ಟು ತಿರುಗಿಸಲಿ,” ಎಂದು ಸಾಬ್ರನ್ನು ತೋರಿಸಿದ. “ನೀನು ನನ್ನ ಜೊತೆ ದೋಣಿಗೆ ಬಾ. ನಿನ್ನ ಮಾತಿನ ಮೇಲೆ ನಾನು ಬಂಡೆಗಳ ಪಕ್ಕ ಬರಬೇಕಾದರೆ, ನೀನೂ ಒಂದು ಸಲ ಬರಬೇಕು.”

ಹಿರಿಯ ಮಾಲೀಕ ತಲೆ ಆಡಿಸಿದ. ನಾನು ಸಾಬ್ರಿಗೆ ಕನ್ನಡದಲ್ಲಿ ಹೇಳಿದೆ. ಅವರು ಹೆಡ್‌ಫೋನನ್ನು ನನ್ನ ಕೈಯಿಂದ ಇಸಿದುಕೊಂಡು, ಒಮ್ಮೆ ಒರೆಸಿ, ಪೇಟ ತೆಗೆದಿಟ್ಟು ತಲೆಗೆ ಹಾಕಿಕೊಂಡರು.

ದೋಣಿ ಮೂಡಲಕ್ಕೆ ಹೋಯಿತು. ಒಂದು ಗಂಟೆಯ ಮೇಲೆ ಟಾಮ್ ಇಂಜಿನ್ ನಿಲ್ಲಿಸಿದ. ಮುಂದಿನ ತುದಿಯಲ್ಲಿ ನಿಂತವನು ನನಗೆ ಕಾಣುತ್ತಿರಲಿಲ್ಲ. ನಾವು ನೆಟ್ಟಗೆ ಮೂಡಲಕ್ಕೇ ಬಂದಿದ್ದೇವೆ, ಅಂಕಿ ತೊಂಬತ್ತರ ಹತ್ತಿರ ಬರಬೇಕು ಎಂದು ಟಾಮ್ ಹೇಳಿದ. ನನ್ನ ಲೆಕ್ಕವೂ ಅದೇ. ಕಿಡಿಯಂತ್ರದಲ್ಲಿ ಉದ್ದ ಸದ್ದು ಕಳಿಸಿದೆ. ಸ್ವಲ್ಪ ಹೊತ್ತಿಗೆ ಸಾಬ್ರ ಉತ್ತರ ಬಂತು, ಮೊಳೆ ಹೊಡೆದಂತೆ ಸಾವಕಾಶ. ಆರು. ನಾಲ್ಕು.

ಅರವತ್ತನಾಲ್ಕು! ಅದು ನಿಜವಾದರೆ ನೀರಿನ ಸೆಳೆತ ನಮ್ಮನ್ನು ಬಡಗಲಿಗೆ ಎಳೆದುಬಿಟ್ಟಿದೆ. ಸುಳ್ಳಾದರೆ, ಅದನ್ನು ನಂಬಿ ತಿರುಗಿದ ದೋಣಿ ಊರನ್ನೇ ತಪ್ಪಿಸಿಕೊಂಡು ಹೋಗುತ್ತದೆ. ನಾನು ಮತ್ತೆ ಉದ್ದ ಸದ್ದು ಕಳಿಸಿದೆ. ಆರು, ನಾಲ್ಕು. ನನ್ನ ತಲೆಯಲ್ಲಿ ಏನೇನೋ ಬಂದವು. ಆರು ದಿನ ಹಡಗಿನಲ್ಲಿ ಕಲಿತ ಕೈ, ಕೋಪ ಬೇರೆ ಇದೆ, ಗೀಟು ಓದುವಾಗ ತಪ್ಪಿದ್ದರೆ? ಮೂರನೇ ಸಲವೂ ಕೇಳಿದೆ. ಆರು, ನಾಲ್ಕು. ಮೊದಲ ಸಲದಷ್ಟೇ ಸಾವಕಾಶ, ಅಷ್ಟೇ ಊರಿ.

“ಎಷ್ಟು?” ಎಂದ ಟಾಮ್.

“ಅರವತ್ತನಾಲ್ಕು.”

ಅವನು ನನ್ನ ಮುಖ ನೋಡಿದ. “ನಂಬುತ್ತೀಯಾ?”

ನಂಬುತ್ತೇನೆ ಎಂದೆ. ಟಾಮ್ ಚುಕ್ಕಾಣಿ ತಿರುಗಿಸಿದ. ಮುಕ್ಕಾಲು ಗಂಟೆ ದೋಣಿ ಮಂಜಿನಲ್ಲೇ ಸಾಗಿತು. ಆಮೇಲೆ ನಮ್ಮ ಬಲಗಡೆ, ಮಂಜಿನೊಳಗೆ, ನೀರು ಕಲ್ಲಿಗೆ ಬಡಿದು ಒಡೆಯುವ ಸದ್ದು ಕೇಳಿಸಿತು. ತೊಂಬತ್ತೆಂದು ನಂಬಿ ನೆಟ್ಟಗೆ ಪಡುವಲಕ್ಕೆ ಬಂದಿದ್ದರೆ ಆ ಕಲ್ಲುಗಳ ಮೇಲೇ ಬರುತ್ತಿದ್ದೆವು. ಟಾಮ್ ಟೊಪ್ಪಿ ತೆಗೆದ, ಅವನ ಭಾವ ಹೋದದ್ದು ಅಲ್ಲೇ. ಸ್ವಲ್ಪ ಹೊತ್ತಿಗೆ ಬಂದರಿನ ಕಟ್ಟೆ ನಮ್ಮ ಎದುರಿಗೇ ಬಂತು. ಕಟ್ಟೆಯ ತುದಿಯಲ್ಲಿ ಮಾರ್ಥಾ ನಿಂತಿದ್ದಳು. ತಮ್ಮನನ್ನು ನೋಡಿ ತಲೆವಸ್ತ್ರ ಬಿಗಿ ಮಾಡಿಕೊಂಡು, ಚಹಾ ಇಡಲು ಮನೆಯ ಕಡೆ ನಡೆದಳು.

ನಾನು ಗುಡ್ಡ ಹತ್ತಿ ಗುಡಿಸಲಿಗೆ ಹೋದೆ. ಮಾಲೀಕರು ಹೊರಗೆ ನಿಂತು ಪೈಪು ಕೈಯಲ್ಲಿ ಹಿಡಿದು ಮಾತಾಡುತ್ತಿದ್ದರು. ಚೌಕಟ್ಟು ಇಲ್ಲೇ ಇರಲಿ ಎಂಬ ಮಾತು ಕಿವಿಗೆ ಬಿತ್ತು. ನಿಲ್ಲಲಿಲ್ಲ. ಸಾಬ್ರ ಎರಡೂ ಕೈ ಹಿಡಿದುಕೊಂಡೆ.

“ತಪ್ಪಾಯ್ತು ಸಾಬ್ರೇ. ಗಂಜಿ ನಮ್ಮನೇದು. ತಪ್ಪನ್ನ ನಿಮ್ಮ ಹಿತ್ತಾಳೆ ಮ್ಯಾಲೆ ಹಾಕ್ದೆ.”

“ಹಿತ್ತಾಳೆಗಂದಿದ್ರೆ ಬಿಡ್ತಿದ್ನೋ. ನನಗಂದೆ.”

“ಹೌದ್ರೀ. ನಿಮಗಂದೆ.”

ಅವರು ಕೈ ಬಿಡಿಸಿಕೊಳ್ಳಲಿಲ್ಲ. “ಮೂರು ಸಲ ಕೇಳ್ದೆ,” ಎಂದರು.

ಸುಳ್ಳು ಹೇಳಲು ದಾರಿ ಇರಲಿಲ್ಲ, ಮೂರು ಸದ್ದೂ ಅವರ ಕಿವಿಗೇ ಬಂದಿದ್ದವು.

“ಮಧ್ಯಾಹ್ನ ನಾನು ದೋಣಿಗೆ ಹೋಗ್ತೀನಿ. ನೀನು ಇಲ್ಲಿ ಕೂತ್ಕೋ,” ಎಂದು ಪೇಟ ಎತ್ತಿಕೊಂಡರು. ಈಜು ಬಾರದವರು. ಬೇಡವೆಂದೆ, ಮಾಲೀಕರು ಒಪ್ಪಿಯಾಗಿದೆ ಎಂದೆ. “ಅವರು ಒಪ್ಪಿರಬೌದು,” ಎಂದು ಇಳಿದು ಹೋದರು. ಟಾಮ್ ನಕ್ಕು ಇಂಜಿನ್ ಹಚ್ಚಿದ.

ಮಂಜು ಇನ್ನೂ ದಟ್ಟವಾಗಿತ್ತು. ನಾನು ಹೆಡ್‌ಫೋನು ಹಾಕಿಕೊಂಡು ಕೂತೆ. ಎಷ್ಟು ಹೊತ್ತೋ ತಿಳಿಯದು. ಉದ್ದ ಸದ್ದು ಬಂತು. ಅವರದೇ ಕೈ ಎಂದು ಗೊತ್ತಾಯಿತು. ಚೌಕಟ್ಟನ್ನು ಗೀಟು ಗೀಟಾಗಿ ತಿರುಗಿಸಿದೆ. ಸದ್ದು ಇಳಿಯಿತು, ಸತ್ತಿತು, ಎರಡು ಬದಿಗೂ ತಿರುಗಿಸಿ ನೋಡಿ, ಸತ್ತ ಜಾಗದ ನಡುಗೀಟು ಹಿಡಿದೆ. ಅಂಕಿ ಬಡಿದೆ, ಅವರಿಗೆ ತಿಳಿಯುವಂತೆ ಸಾವಕಾಶವಾಗಿ. ಆಮೇಲೆ ಎರಡನೆಯ ಸದ್ದಿಗೆ ಕಾದೆ. ಬರಲಿ, ಇನ್ನೊಮ್ಮೆ ಕೇಳಲಿ, ಇನ್ನೊಮ್ಮೆ ನೋಡಿ ಹೇಳುತ್ತೇನೆ ಎಂದು ಬೇಡಿಕೊಂಡೆ. ದೋಣಿ ಕಟ್ಟೆಗೆ ಬಂದು ನಿಲ್ಲುವವರೆಗೂ ಬರಲಿಲ್ಲ. ಬುಡೇನ್ ಸಾಬ್ರು ಒಂದೇ ಸಲ ಕೇಳಿದ್ದರು.